ರೇಲಿಂಗ್ ಮೇಲೆ ಜಾರಿದ ಟಕೀಲಾ

ಕಳೆದ ವಾರ ‘ಸ್ಟ್ರ್ಯಾಂಗಲ್‌ಹೋಲ್ಡ್’ ಎಂಬ ಗೇಮನ್ನು ಮೂರನೆಯ ಸಲ ಆಡಿ ಮುಗಿಸಿದೆ. ಜಾನ್ ವೂ ನಿರ್ದೇಶಿಸಿ 1992ರಲ್ಲಿ ತೆರೆಗೆ ತಂದ ಹಾಂಗ್‌ಕಾಂಗ್ ಚಿತ್ರ ‘ಹಾರ್ಡ್ ಬಾಯಿಲ್ಡ್’ನ ಮುಂದುವರಿದ ಕಥೆ ಇದು. ಮಿಡ್‌ವೇ ಸಂಸ್ಥೆಯ ಶಿಕಾಗೋ ಸ್ಟುಡಿಯೋ ರೂಪಿಸಿದ ಈ ಗೇಮ್ 2007ರಲ್ಲಿ ಬಿಡುಗಡೆಯಾಯಿತು. ವೂ ಸ್ವತಃ ಅದರ ತಯಾರಿಯಲ್ಲಿ ಕೈಜೋಡಿಸಿದ್ದರು. ಚಿತ್ರದ ನಾಯಕ ಇನ್‌ಸ್ಪೆಕ್ಟರ್ ಟಕೀಲಾನಿಗೆ ಚೌ ಯುನ್ ಫ್ಯಾಟ್ ಅವರೇ ಮತ್ತೆ ಮುಖವನ್ನೂ ದನಿಯನ್ನೂ ಕೊಟ್ಟಿದ್ದರು. ಸಿನಿಮಾ ಆಧರಿಸಿದ ಗೇಮುಗಳು ಲೆಕ್ಕವಿಲ್ಲದಷ್ಟು ಬಂದಿವೆ. ಆದರೆ ಒಂದು ಆಕ್ಷನ್ ಚಿತ್ರದ ಮೈಯ ಚಲನೆಯನ್ನು ಇಷ್ಟು ಶ್ರದ್ಧೆಯಿಂದ ಕಲಿತು, ಅದೇ ಚಿತ್ರದ ಮನಸ್ಸನ್ನು ಇಷ್ಟು ಸಲೀಸಾಗಿ ಕೈಬಿಟ್ಟ ಇನ್ನೊಂದು ಗೇಮನ್ನು ನಾನು ಆಡಿಲ್ಲ. ಎರಡನ್ನೂ ವಿವರವಾಗಿ ಬರೆದಿಡಬೇಕೆನ್ನಿಸಿತು.

ಮೊದಲ ಸಲ ಆಡಿದಾಗ ನಾನು ಚಿತ್ರವನ್ನು ನೋಡಿರಲಿಲ್ಲ. ಟಕೀಲಾ ಯಾರು, ಅವನ ಬಾಯಲ್ಲಿ ಆ ಹಲ್ಲುಕಡ್ಡಿ ಏಕಿದೆ ಎಂಬುದೇನೂ ತಿಳಿಯದೆ ಆಟಕ್ಕೆ ಕೂತಿದ್ದೆ. ಹಾಂಗ್‌ಕಾಂಗಿನ ಕಿಕ್ಕಿರಿದ ಮಾರುಕಟ್ಟೆಯೊಂದರಲ್ಲಿ ಆಟ ಶುರುವಾಗುತ್ತದೆ. ತಲೆಯ ಮೇಲೆ ಅಂಗಡಿಗಳ ಬೋರ್ಡುಗಳು, ಎರಡೂ ಕಡೆ ಮರದ ಗಾಡಿಗಳು, ಹಣ್ಣಿನ ರಾಶಿಗಳು, ಮಹಡಿಗೆ ಹತ್ತುವ ಕಿರಿದಾದ ಮೆಟ್ಟಿಲುಗಳು. ನಾನು ಆವರೆಗೆ ಆಡಿದ್ದ ಶೂಟರ್ ಗೇಮುಗಳಲ್ಲಿ ಕಲಿತಿದ್ದಂತೆ ಒಂದು ಕಂಬದ ಹಿಂದೆ ಅಡಗಿ, ತಲೆ ಹೊರಹಾಕಿ, ಒಬ್ಬೊಬ್ಬರನ್ನೇ ಗುರಿಯಿಟ್ಟು ಹೊಡೆಯತೊಡಗಿದೆ. ಕೆಲವೇ ಕ್ಷಣಗಳಲ್ಲಿ ಆ ಕಂಬ ಗುಂಡಿನೇಟಿಗೆ ಪುಡಿಪುಡಿಯಾಗಿ ಉದುರಿ, ಅದರ ಜಾಗದಲ್ಲಿ ಸಿಮೆಂಟಿನ ಹುಡಿಯೂ ಬರಿಯ ಕಬ್ಬಿಣದ ಸರಳುಗಳೂ ಉಳಿದವು. ಇಲ್ಲಿ ಒಂದೆಡೆ ನಿಂತವನಿಗೆ ರಕ್ಷಣೆಯಿಲ್ಲ, ಚಲಿಸುತ್ತಿರುವವನಿಗೆ ಮಾತ್ರ ಉಂಟು ಎಂಬುದನ್ನು ಗೇಮ್ ಒಂದೂ ಮಾತಾಡದೆ ಹೇಳಿಕೊಟ್ಟಿತು.

ಹಾಗೆ ಒಡೆಯುವ ಗುಣಕ್ಕೆ ತಯಾರಕರು ‘ಮ್ಯಾಸಿವ್ ಡಿ’ ಎಂದು ಹೆಸರಿಟ್ಟಿದ್ದರು. ‘ಡಿ’ ಎಂದರೆ ಧ್ವಂಸ. ಗೇಮುಗಳನ್ನು ಕಟ್ಟುವ ತಂತ್ರಾಂಶವಾದ ಅನ್‌ರಿಯಲ್ ಎಂಜಿನ್ 3ರ ಮೇಲೆ ಕಟ್ಟಿದ ಈ ವ್ಯವಸ್ಥೆಯಲ್ಲಿ ಮೇಜು, ಕುರ್ಚಿ, ಗೋಡೆಯ ಗಾರೆ, ಕಂಬ, ಗಾಜು, ಕಲ್ಲಂಗಡಿ, ಎಲ್ಲವೂ ಗುಂಡು ತಗುಲಿದಲ್ಲೇ ಒಡೆಯುತ್ತವೆ. ಒಂದು ಕಾಳಗ ಮುಗಿದ ಮೇಲೆ ಹಿಂತಿರುಗಿ ನೋಡಿದರೆ, ಒಳಬಂದಾಗ ಕಂಡ ಕೋಣೆಯೇ ಅಲ್ಲಿರುವುದಿಲ್ಲ. ಇದನ್ನು ಬರಿಯ ಆಡಂಬರವೆಂದು ತಳ್ಳಿಹಾಕುವುದು ತಪ್ಪು. ವೂ ಅವರ ಚಿತ್ರಗಳಲ್ಲಿ ಗುಂಡು ಮನುಷ್ಯರಿಗೆ ಮಾತ್ರ ತಗಲುವುದಲ್ಲ, ಸುತ್ತಲಿನ ಜಾಗಕ್ಕೂ ತಗಲುತ್ತದೆ. ಕಾಗದದ ಚೂರು, ಹಿಟ್ಟಿನ ಧೂಳು, ಗಾಜಿನ ಹರಳು ಗಾಳಿಯಲ್ಲಿ ತುಂಬಿದಾಗಲೇ ಅಲ್ಲೊಂದು ಘೋರ ನಡೆಯುತ್ತಿದೆ ಎಂದು ನೋಡುವವನ ಮೈಗೆ ತಿಳಿಯುವುದು. ಗೇಮ್ ಈ ಮಾತನ್ನು ಸರಿಯಾಗಿ ಗ್ರಹಿಸಿದೆ.

ಇನ್ನು ಚಲನೆ. ಟಕೀಲಾನನ್ನು ಮೆಟ್ಟಿಲಿನ ಹತ್ತಿರ ಕೊಂಡೊಯ್ದು ಒಂದು ಬಟನ್ ಒತ್ತಿದರೆ ಅವನು ರೇಲಿಂಗ್ ಮೇಲೆ ಕೂತು ಜಾರುತ್ತಾನೆ. ಅದೇ ಬಟನನ್ನು ಮೇಜಿನ ಬಳಿ ಒತ್ತಿದರೆ ಮೇಜಿನ ಮೇಲೆ ಉರುಳಿ ಆಚೆ ಇಳಿಯುತ್ತಾನೆ, ಗಾಲಿಗಳಿರುವ ಗಾಡಿಯ ಬಳಿ ಒತ್ತಿದರೆ ಅದರ ಮೇಲೆ ಬೋರಲು ಬಿದ್ದು ನೆಲದುದ್ದ ಸಾಗುತ್ತಾನೆ, ತೂಗುದೀಪದ ಕೆಳಗೆ ಒತ್ತಿದರೆ ಅದನ್ನು ಹಿಡಿದು ಜೋತಾಡುತ್ತಾನೆ, ಏನೂ ಇಲ್ಲದ ಬಯಲಲ್ಲಿ ಒತ್ತಿದರೆ ಎರಡು ಪಿಸ್ತೂಲುಗಳನ್ನೂ ಮುಂಚಾಚಿ ಗಾಳಿಗೆ ಹಾರುತ್ತಾನೆ. ಹೀಗೆ ಹಾರುವಾಗ ಶತ್ರುವಿನ ಮೇಲೆ ಗುರಿಯಿದ್ದರೆ ಕಾಲ ತಾನಾಗಿ ನಿಧಾನವಾಗುತ್ತದೆ. ಇದಕ್ಕೆ ಇಲ್ಲಿನ ಹೆಸರು ‘ಟಕೀಲಾ ಟೈಮ್’. ಅದಕ್ಕೊಂದು ಮೀಟರ್ ಇದೆ. ಬಳಸಿದಷ್ಟೂ ಇಳಿಯುತ್ತದೆ, ಬಿಟ್ಟರೆ ತುಂಬಿಕೊಳ್ಳುತ್ತದೆ. ಕೋಣೆಯೊಂದಕ್ಕೆ ಕಾಲಿಡುವಾಗ ಶತ್ರುಗಳು ಎಲ್ಲಿದ್ದಾರೆ ಎಂದು ಹುಡುಕುವುದಕ್ಕೆ ಮುಂಚೆ ರೇಲಿಂಗ್ ಎಲ್ಲಿದೆ, ಗಾಡಿ ಎಲ್ಲಿದೆ, ಎಲ್ಲಿಂದ ಎಲ್ಲಿಗೆ ಜಾರಬಹುದು ಎಂದು ಕಣ್ಣು ಹುಡುಕತೊಡಗಿದಾಗ ಈ ಗೇಮ್ ಕೈಗೆ ಹತ್ತಿತು ಎಂದರ್ಥ. ನನಗೆ ಅದಕ್ಕೆ ಒಂದು ಸಂಜೆ ಬೇಕಾಯಿತು.

ಈ ಕಾರಣಕ್ಕೇ ಇದು ಥರ್ಡ್ ಪರ್ಸನ್ ಶೂಟರ್, ಅಂದರೆ ಪಾತ್ರವನ್ನು ಹೊರಗಿನಿಂದ ನೋಡುತ್ತ ಆಡುವ ಗೇಮ್, ಆಗಿರಲೇಬೇಕಿತ್ತು ಎಂದು ನನ್ನ ಅಭಿಪ್ರಾಯ. ಪಾತ್ರದ ಕಣ್ಣಿನೊಳಗಿಂದಲೇ ನೋಡುವ ಗೇಮುಗಳಲ್ಲಿ ನಮಗೆ ಕಾಣುವುದು ಎರಡು ಕೈ ಮತ್ತು ಒಂದು ಬಂದೂಕು. ಅಲ್ಲಿ ಭಯ ಚೆನ್ನಾಗಿ ಹುಟ್ಟುತ್ತದೆ, ಏಕೆಂದರೆ ಬೆನ್ನ ಹಿಂದೆ ಏನಿದೆ ಎಂದು ತಿಳಿಯುವುದಿಲ್ಲ. ಆದರೆ ಟಕೀಲಾ ಭಯದ ಪಾತ್ರವಲ್ಲ, ಭಂಗಿಯ ಪಾತ್ರ. ಅವನು ರೇಲಿಂಗ್ ಮೇಲೆ ಜಾರುವುದು ಕೆಳಗಿಳಿಯುವುದಕ್ಕಲ್ಲ, ಹಾಗೆ ಜಾರುವ ಅವನನ್ನು ನಾವು ನೋಡುವುದಕ್ಕೆ. ಕೋಟಿನ ಅಂಚು ಹಾರುವುದು, ಕಾಲು ಮಡಚಿ ಬೆನ್ನು ಹಿಂದಕ್ಕೆ ಬಾಗುವುದು, ನೆಲಕ್ಕೆ ಬಿದ್ದಮೇಲೂ ಬಿದ್ದಲ್ಲಿಂದಲೇ ಗುಂಡು ಹಾರಿಸುವುದು: ಕ್ಯಾಮೆರಾ ಅವನ ಬೆನ್ನ ಹಿಂದೆ ಮೂರು ಹೆಜ್ಜೆ ದೂರ ನಿಂತಿದ್ದರಿಂದಲೇ ಇವೆಲ್ಲ ಕಾಣುತ್ತವೆ. ಆಡುವವನು ಇಲ್ಲಿ ನಟನೂ ಹೌದು, ಪ್ರೇಕ್ಷಕನೂ ಹೌದು. ಎರಡೂ ಒಟ್ಟಿಗೆ ಆಗುವ ಸುಖ ಬೇರೆ ಯಾವ ಕಲೆಯಲ್ಲೂ ನನಗೆ ಹೀಗೆ ಸಿಕ್ಕಿಲ್ಲ.

ಹಾರುತ್ತ ಕಾಲವನ್ನು ನಿಧಾನಗೊಳಿಸುವುದು ಇದೇ ಗೇಮ್ ಕಂಡುಹಿಡಿದದ್ದೇನೂ ಅಲ್ಲ. ಆರು ವರ್ಷ ಮೊದಲೇ, 2001ರಲ್ಲಿ, ಫಿನ್ಲೆಂಡಿನ ರೆಮಿಡಿ ಸಂಸ್ಥೆಯ ‘ಮ್ಯಾಕ್ಸ್ ಪೇನ್’ ಅದನ್ನು ಮನೆಮಾತು ಮಾಡಿತ್ತು. ಆ ಗೇಮಿನ ಮೂಲದಲ್ಲಿ ಇದ್ದದ್ದು ಹಾಂಗ್‌ಕಾಂಗ್ ಆಕ್ಷನ್ ಚಿತ್ರಗಳು, ಅದರಲ್ಲೂ ವೂ ಅವರ ಚಿತ್ರಗಳು. ಹಾಗಾಗಿ ‘ಸ್ಟ್ರ್ಯಾಂಗಲ್‌ಹೋಲ್ಡ್’ ಬಂದಾಗ ಇದು ಹಳಬರ ಅನುಕರಣೆ ಎಂದವರಿದ್ದರು. ನನಗೆ ಹಾಗನ್ನಿಸುವುದಿಲ್ಲ. ಸಾಲ ಕೊಟ್ಟ ಮನೆಗೇ ಸಾಲ ಹಿಂತಿರುಗಿದ್ದನ್ನು ಅನುಕರಣೆ ಎನ್ನಲಾಗದು.

ಗೇಮಿನಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಮುಖಾಮುಖಿಯ ದೃಶ್ಯಗಳು. ಕೆಲವು ಕಡೆ ಟಕೀಲಾ ಒಂದು ಕೋಣೆಗೆ ಕಾಲಿಟ್ಟೊಡನೆ ನಾಲ್ಕೈದು ಜನ ಅವನನ್ನು ಸುತ್ತುವರಿದು ಬಂದೂಕು ಹಿಡಿದು ನಿಲ್ಲುತ್ತಾರೆ. ಓಡಾಟ ನಿಲ್ಲುತ್ತದೆ. ಕ್ಯಾಮೆರಾ ಮೊದಲನೆಯವನತ್ತ ತಿರುಗುತ್ತದೆ, ಕಾಲ ನಿಧಾನವಾಗುತ್ತದೆ. ಅವನ ಬಂದೂಕಿನಿಂದ ಹೊರಟ ಗುಂಡು ಗಾಳಿಯನ್ನು ನೀರಿನಂತೆ ಅಲುಗಿಸುತ್ತ ನಿಮ್ಮತ್ತ ಬರುವುದು ಕಾಣುತ್ತದೆ. ಕಂಟ್ರೋಲರಿನ ಎಡಗಡ್ಡಿಯಿಂದ ಟಕೀಲಾನ ಮೈಯನ್ನು ಪಕ್ಕಕ್ಕೆ ವಾಲಿಸಬೇಕು, ಬಲಗಡ್ಡಿಯಿಂದ ಗುರಿ ಹಿಡಿಯಬೇಕು. ಎರಡು ಹೆಬ್ಬೆರಳುಗಳಿಗೆ ಎರಡು ಬೇರೆ ಕೆಲಸ; ಒಂದು ಬದುಕಿಸುವುದು, ಇನ್ನೊಂದು ಕೊಲ್ಲುವುದು. ಮೈ ವಾಲಿಸಿದರೆ ಗುರಿಯೂ ಅಲುಗುತ್ತದೆ, ಆದ್ದರಿಂದ ಒಂದನ್ನು ಮಾಡುವಾಗ ಇನ್ನೊಂದನ್ನು ಮರೆಯುವಂತಿಲ್ಲ. ಒಬ್ಬ ಉರುಳಿದೊಡನೆ ಕ್ಯಾಮೆರಾ ಮುಂದಿನವನತ್ತ ಹೊರಳುತ್ತದೆ. ಒಟ್ಟು ಅರ್ಧ ನಿಮಿಷದ ವ್ಯವಹಾರ. ಮುಗಿದಾಗ ನನ್ನ ಭುಜಗಳು ಬಿಗಿದುಕೊಂಡಿರುವುದು ಪ್ರತಿಸಲ ಗಮನಕ್ಕೆ ಬರುತ್ತಿತ್ತು, ಆಟದ ಬೇರೆ ಕಡೆ ಹಾಗಾಗುತ್ತಿರಲಿಲ್ಲ.

ಇದರ ಜೊತೆಗೆ ನಾಲ್ಕು ‘ಟಕೀಲಾ ಬಾಂಬ್’ಗಳಿವೆ. ಬಾಂಬ್ ಎಂದರೆ ಸಿಡಿಮದ್ದಲ್ಲ, ವಿಶೇಷ ಶಕ್ತಿ. ಒಂದರಿಂದ ಗಾಯ ಮಾಯುತ್ತದೆ, ಇನ್ನೊಂದರಿಂದ ದೂರದ ಗುರಿಯನ್ನು ಹತ್ತಿರಕ್ಕೆ ಎಳೆದು ಒಂದೇ ಗುಂಡನ್ನು ಹಾರಿಸಿ ಅದರ ಹಿಂದೆಯೇ ಸಾಗಬಹುದು, ಮತ್ತೊಂದರಿಂದ ತುಸು ಹೊತ್ತು ಎಡೆಬಿಡದೆ ಗುಂಡಿನ ಮಳೆ ಸುರಿಸಬಹುದು. ಕೊನೆಯದರಲ್ಲಿ ಟಕೀಲಾ ನಿಂತಲ್ಲೇ ಗಿರ್ರನೆ ಸುತ್ತುತ್ತ ಸುತ್ತಲಿನವರನ್ನೆಲ್ಲ ಉರುಳಿಸುತ್ತಾನೆ, ಬಿಳಿಯ ಪಾರಿವಾಳಗಳು ಹಾರಿಹೋಗುತ್ತವೆ. ಪಾರಿವಾಳ ವೂ ಅವರ ಚಿತ್ರಗಳ ಗುರುತು ಎಂಬುದು ಅವರ ಚಿತ್ರಗಳನ್ನು ಬಲ್ಲವರಿಗೆಲ್ಲ ಗೊತ್ತು. ಜಾರುತ್ತ, ಜೋತಾಡುತ್ತ, ಬೋರ್ಡು ಬೀಳಿಸಿ ಹೊಡೆದರೆ ಹೆಚ್ಚು ಸ್ಟೈಲ್ ಪಾಯಿಂಟು. ನೆಲದ ಮೇಲೆ ನಿಂತು ಹೊಡೆದರೆ ಕಡಿಮೆ. ಆ ಪಾಯಿಂಟುಗಳೇ ಬಾಂಬುಗಳ ಮೀಟರನ್ನು ತುಂಬುವುದು. ಚೆಂದವಾಗಿ ಕಾದಾಡಿದವನು ಹೆಚ್ಚು ಹೊತ್ತು ಬದುಕುತ್ತಾನೆ ಎಂಬ ಈ ಲೆಕ್ಕಾಚಾರ ಚಿತ್ರದ ಲೋಕಕ್ಕೆ ಒಪ್ಪುವಂಥದ್ದೇ.

ಸಿನಿಮಾ ಆಧರಿಸಿದ ಗೇಮುಗಳಿಗೆ ಕೆಟ್ಟ ಹೆಸರು ಬಂದದ್ದು ಸುಮ್ಮನೆ ಅಲ್ಲ. ಚಿತ್ರ ಬಿಡುಗಡೆಯಾಗುವ ದಿನಕ್ಕೋ ಹಬ್ಬದ ಮಾರಾಟಕ್ಕೋ ಗೇಮನ್ನು ಅಂಗಡಿಗೆ ತಲುಪಿಸುವ ಆತುರವೇ ಹೆಚ್ಚಿನವನ್ನು ಹಾಳುಗೆಡವಿತು. 1982ರಲ್ಲಿ ಅಟಾರಿ ಹೊರತಂದ ‘ಇ.ಟಿ.’ ಗೇಮನ್ನು ಸುಮಾರು ಐದು ವಾರಗಳಲ್ಲಿ ಬರೆದು ಮುಗಿಸಲಾಗಿತ್ತು, ಅದರ ಗತಿ ಏನಾಯಿತೆಂಬುದು ಈಗ ಇತಿಹಾಸ. ಅದಕ್ಕೆ ಎದುರಾಗಿ 1995ರ ಜೇಮ್ಸ್ ಬಾಂಡ್ ಚಿತ್ರದ ಮೇಲೆ ಮಾಡಿದ ‘ಗೋಲ್ಡನ್ ಐ 007’ ಬಂದದ್ದು 1997ರಲ್ಲಿ, ಚಿತ್ರದ ಗದ್ದಲವೆಲ್ಲ ಅಡಗಿದ ಮೇಲೆ. ಅದನ್ನು ಇಂದಿಗೂ ಜನ ಪ್ರೀತಿಯಿಂದ ನೆನೆಯುತ್ತಾರೆ. ‘ಸ್ಟ್ರ್ಯಾಂಗಲ್‌ಹೋಲ್ಡ್’ ಅಂತೂ ಚಿತ್ರ ಬಂದು 15 ವರ್ಷಗಳಾದ ಮೇಲೆ ಬಂತು. ಅದರ ಹಿಂದೆ ಯಾವ ಬಿಡುಗಡೆಯ ದಿನಾಂಕವೂ ಅಟ್ಟಿಸಿಕೊಂಡು ಬರುತ್ತಿರಲಿಲ್ಲ. ಪ್ಲೇಸ್ಟೇಷನ್ 3ರ ಸಂಗ್ರಾಹಕರ ಆವೃತ್ತಿಯಲ್ಲಿ ಗೇಮಿನ ಡಿಸ್ಕಿನಲ್ಲೇ ‘ಹಾರ್ಡ್ ಬಾಯಿಲ್ಡ್’ ಚಿತ್ರವನ್ನೂ ಸೇರಿಸಿ ಕೊಟ್ಟಿದ್ದರು. ಮೂಲವನ್ನೇ ಪಕ್ಕದಲ್ಲಿಟ್ಟು ಹೋಲಿಸಿ ನೋಡಿ ಎಂದು ಹೇಳಲು ಧೈರ್ಯ ಬೇಕು.

ನಾನು ಚಿತ್ರವನ್ನು ನೋಡಿದ್ದು ಗೇಮನ್ನು ಮೊದಲ ಸಲ ಮುಗಿಸಿದ ಮೇಲೆ. ಪಂಜರದ ಹಕ್ಕಿಗಳನ್ನು ಜೊತೆಗೆ ತಂದು ಚಹಾ ಕುಡಿಯುವವರಿಂದ ತುಂಬಿದ ಟೀಹೌಸಿನಲ್ಲಿ ಮೊದಲ ಕಾಳಗ ನಡೆಯುತ್ತದೆ. ಟಕೀಲಾ ಎರಡು ಕೈಯಲ್ಲೂ ಪಿಸ್ತೂಲು ಹಿಡಿದು, ಹಲ್ಲುಕಡ್ಡಿ ಕಚ್ಚಿಕೊಂಡು, ಮೆಟ್ಟಿಲಿನ ರೇಲಿಂಗ್ ಮೇಲೆ ಜಾರುತ್ತ ಇಳಿದಾಗ ನಾನು ಕೂತಲ್ಲೇ ಮುಂದಕ್ಕೆ ಬಾಗಿದೆ. ಅದೇ ಚಲನೆಯನ್ನು ನಾನು ಅಷ್ಟರೊಳಗೆ ನೂರಾರು ಸಲ ಮಾಡಿದ್ದೆ. ನನ್ನ ಹೆಬ್ಬೆರಳಿಗೆ ಅದರ ಅಂತರ, ಅದರ ವೇಗ, ಅದು ಎಲ್ಲಿ ಮುಗಿಯುತ್ತದೆ ಎಂಬುದೆಲ್ಲ ಗೊತ್ತಿತ್ತು. ಮೂಲವನ್ನು ನೋಡುವ ಮೊದಲೇ ಅದರ ನೆನಪು ಮೈಯಲ್ಲಿ ಕೂತಿತ್ತು. ಆ ಕ್ಷಣದಲ್ಲಿ ಗೇಮಿನ ಬಗ್ಗೆ ನನಗೆ ಹುಟ್ಟಿದ ಗೌರವ ಇವತ್ತಿಗೂ ಕಡಿಮೆಯಾಗಿಲ್ಲ.

ಆದರೆ ಆ ಕಾಳಗದ ಕೊನೆಗೆ ಟಕೀಲಾನ ಮುಖ ಹಿಟ್ಟು ಮೆತ್ತಿ ಬೆಳ್ಳಗಾಗಿರುತ್ತದೆ, ಅವನು ಹೊಡೆದವನ ರಕ್ತ ಆ ಬಿಳುಪಿನ ಮೇಲೆ ಸಿಡಿಯುತ್ತದೆ, ಅವನ ಜೊತೆಗಾರ ಪೊಲೀಸ್ ಅಷ್ಟರಲ್ಲಿ ಸತ್ತಿರುತ್ತಾನೆ. ಚಿತ್ರ ಆ ಮುಖದ ಮೇಲೆ ನಿಲ್ಲುತ್ತದೆ. ಗೇಮಿನಲ್ಲಿ ಯಾವ ಕಾಳಗದ ಕೊನೆಯಲ್ಲೂ ಯಾರ ಮುಖದ ಮೇಲೂ ಹೀಗೆ ನಿಂತದ್ದು ನನಗೆ ನೆನಪಿಲ್ಲ.

ಆಸ್ಪತ್ರೆಯ ದೃಶ್ಯಕ್ಕೆ ಬಂದಾಗ ಈ ವ್ಯತ್ಯಾಸ ಇನ್ನಷ್ಟು ನಿಚ್ಚಳವಾಯಿತು. ಎರಡೂವರೆ ನಿಮಿಷಕ್ಕೂ ಮಿಕ್ಕಿದ ಒಂದು ಅಖಂಡ ಶಾಟ್ ಅಲ್ಲಿದೆ. ಟಕೀಲಾ ಮತ್ತು ಗುಪ್ತವಾಗಿ ಗ್ಯಾಂಗಿನೊಳಗೆ ಸೇರಿರುವ ಪೊಲೀಸ್ ಅಧಿಕಾರಿ, ಟೋನಿ ಲ್ಯೂಂಗ್ ಮಾಡಿದ ಪಾತ್ರ, ಇಬ್ಬರೂ ಕಾರಿಡಾರಿನಿಂದ ಕಾರಿಡಾರಿಗೆ ಗುಂಡು ಹಾರಿಸುತ್ತ ಸಾಗುತ್ತಾರೆ. ಆ ಭರದಲ್ಲಿ ಅಧಿಕಾರಿ ಎದುರು ಬಂದವನಿಗೆ ಗುಂಡಿಕ್ಕುತ್ತಾನೆ, ಅವನು ಪೊಲೀಸ್. ಇಬ್ಬರೂ ಲಿಫ್ಟಿನೊಳಗೆ ಹೋಗುತ್ತಾರೆ, ಬಾಗಿಲು ಮುಚ್ಚುತ್ತದೆ. ಕ್ಯಾಮೆರಾ ಕತ್ತರಿಸುವುದಿಲ್ಲ. ಸುಮಾರು 20 ಸೆಕೆಂಡು ನಾವು ಆ ಇಬ್ಬರ ಜೊತೆ ಲಿಫ್ಟಿನಲ್ಲಿ ನಿಲ್ಲುತ್ತೇವೆ, ತಾನು ಕೊಂದದ್ದು ಯಾರನ್ನು ಎಂದು ಅರಿತವನ ಮುಖವನ್ನು ನೋಡುತ್ತೇವೆ. ಬಾಗಿಲು ತೆರೆದಾಗ ಇನ್ನೊಂದು ಮಹಡಿ, ಮತ್ತೆ ಕಾಳಗ. ಅಸಲಿಗೆ ಲಿಫ್ಟ್ ಎಲ್ಲಿಗೂ ಹೋಗಿರಲಿಲ್ಲ. ಆ 20 ಸೆಕೆಂಡುಗಳಲ್ಲಿ ಹೊರಗೆ ಕೆಲಸದವರು ಅದೇ ಕಾರಿಡಾರನ್ನು ಗುಡಿಸಿ, ಸಾಮಾನು ಬದಲಿಸಿ, ಬೇರೆ ಮಹಡಿಯಂತೆ ಸಜ್ಜುಗೊಳಿಸಿದ್ದರು. ಹೊರಗಿನ ಕೆಲಸಕ್ಕೆ ಬೇಕಾಗಿದ್ದ ಆ ಬಿಡುವನ್ನೇ ಒಳಗೆ ಚಿತ್ರದ ಅತ್ಯಂತ ಭಾರವಾದ ಗಳಿಗೆಯನ್ನಾಗಿ ಮಾಡಿಕೊಂಡದ್ದು ವೂ ಅವರ ಪ್ರತಿಭೆ.

ಗೇಮಿನಲ್ಲಿ ಕಾಲ ನಿಧಾನವಾಗುವುದು ಇನ್ನೂ ಚೆನ್ನಾಗಿ ಗುರಿಯಿಡಲು. ಚಿತ್ರದಲ್ಲಿ ನಿಧಾನವಾಗುವುದು ಆದದ್ದೇನು ಎಂದು ನೋಡಲು. ಎರಡೂ ಒಂದೇ ತಂತ್ರ, ಉದ್ದೇಶ ಮಾತ್ರ ಬೇರೆ. ಗೇಮಿಗೆ ಲಿಫ್ಟಿನ ಆ ನಿಲುಗಡೆ ಸಾಧ್ಯವೇ ಇರಲಿಲ್ಲ ಎಂದು ನಾನು ಒಪ್ಪುವುದಿಲ್ಲ. ಆಡುವವನ ಕೈಯಿಂದಲೇ ಒಂದು ತಪ್ಪು ನಡೆಯುವಂತೆ ಮಾಡಿ, ಅನಂತರ 20 ಸೆಕೆಂಡು ಯಾವ ಬಟನೂ ಕೆಲಸ ಮಾಡದ ಲಿಫ್ಟಿನಲ್ಲಿ ಅವನನ್ನು ನಿಲ್ಲಿಸಿದ್ದರೆ, ಅದು ಚಿತ್ರಕ್ಕಿಂತಲೂ ಹೆಚ್ಚು ನಾಟುತ್ತಿತ್ತು. ಚಿತ್ರದಲ್ಲಿ ಗುಂಡು ಹಾರಿಸಿದವನು ಬೇರೆಯವನು. ಇಲ್ಲಾದರೆ ನಾನೇ ಹಾರಿಸಿರುತ್ತಿದ್ದೆ.

ಕಾಗದದ ಕೊಕ್ಕರೆಗಳ ವಿಷಯದಲ್ಲಿ ನನ್ನ ತಕರಾರು ಇನ್ನೂ ಗಟ್ಟಿ. ಚಿತ್ರದಲ್ಲಿ ಆ ಗುಪ್ತ ಅಧಿಕಾರಿ ತಾನು ಒಬ್ಬನನ್ನು ಕೊಂದಾಗಲೆಲ್ಲ ಒಂದು ಕಾಗದವನ್ನು ಮಡಿಸಿ ಕೊಕ್ಕರೆ ಮಾಡುತ್ತಾನೆ. ಯಾರಿಗೂ ಹೇಳಿಕೊಳ್ಳಲಾಗದ ಲೆಕ್ಕವನ್ನು ಅವನು ಇಡುವ ರೀತಿ ಅದು. ಗೇಮಿನವರು ಅದೇ ಕೊಕ್ಕರೆಗಳನ್ನು ತಂದು ಮಾರುಕಟ್ಟೆಯ ಮೂಲೆಯಲ್ಲಿ, ಚಾವಣಿಯ ತುದಿಯಲ್ಲಿ, ಗೋಡೆಯ ಹಿಂದೆ ಇಟ್ಟಿದ್ದಾರೆ. ಹುಡುಕಿ ಹೆಕ್ಕಿದರೆ ಟಕೀಲಾ ಬಾಂಬಿನ ಮೀಟರಿಗೆ ಬಲ ಸೇರುತ್ತದೆ. ಕೊಂದವರ ಲೆಕ್ಕವಾಗಿದ್ದದ್ದು ಇಲ್ಲಿ ಕೊಲ್ಲುವ ಶಕ್ತಿಗೆ ಇಂಧನವಾಗಿದೆ. ತಯಾರಕರು ಇದನ್ನು ಚಿತ್ರದ ಮೇಲಿನ ಅಭಿಮಾನದಿಂದಲೇ ಸೇರಿಸಿರಬೇಕು. ಆದರೂ ಚಿತ್ರವನ್ನು ನೋಡಿ ಬಂದವನಿಗೆ ಅದನ್ನು ಹೆಕ್ಕುವಾಗ ಕೈ ಹಿಂದೆಗೆಯುತ್ತದೆ.

ಕಥೆಯ ಕಡೆಗೂ ಒಂದು ಮಾತು. ಗೇಮಿನಲ್ಲಿ ಟಕೀಲಾ ಹಾಂಗ್‌ಕಾಂಗಿನಿಂದ ಶಿಕಾಗೋವರೆಗೆ ಹೋಗುವುದು ತನ್ನ ಮಾಜಿ ಹೆಂಡತಿ ಬಿಲ್ಲಿ ಮತ್ತು ಮಗಳು ಟೆಕೋ ಅಪಹರಣವಾಗಿರುವುದರಿಂದ. ಬಿಲ್ಲಿಯ ತಂದೆಯೇ ಒಬ್ಬ ಗ್ಯಾಂಗಿನ ಯಜಮಾನ. ಚಿತ್ರದಲ್ಲಿ ಟಕೀಲಾ ಉರಿಯುವ ಆಸ್ಪತ್ರೆಯಿಂದ ಎತ್ತಿಕೊಂಡು ಹೊರಬರುವ ಕೂಸು ಯಾರದೋ ಏನೋ. ಗುಂಡಿನ ಸದ್ದಿಗೆ ಹೆದರದಿರಲೆಂದು ಅದರ ಕಿವಿಗೆ ಹತ್ತಿ ಇಟ್ಟಿರುತ್ತಾರೆ, ಕೆನ್ನೆಗೆ ಸಿಡಿದ ರಕ್ತವನ್ನು ಅವನು ಬೆರಳಿನಿಂದ ಒರೆಸುತ್ತಾನೆ. ಸ್ವಂತ ಮಗಳೆಂಬ ಕಾರಣ ಅಲ್ಲಿ ಬೇಕಾಗಿರಲಿಲ್ಲ.

ಏಳು ಅಧ್ಯಾಯಗಳಲ್ಲಿ ಮೊದಲ ಮೂರು ಬಹಳ ಚೆನ್ನಾಗಿವೆ. ನೀರಿನ ಮೇಲೆ ಕಂಬಗಳ ಆಸರೆಯಲ್ಲಿ ನಿಂತ ಮನೆಗಳ ತೈ ಓ ಎಂಬ ಮೀನುಗಾರರ ಹಳ್ಳಿ ಒಂದು ಅಧ್ಯಾಯದ ರಂಗಸ್ಥಳ. ಅದು ಲಾಂಟೌ ದ್ವೀಪದಲ್ಲಿ ನಿಜವಾಗಿಯೂ ಇರುವ ಊರು. ಹಲಗೆಗಳೂ ಕಂಬಗಳೂ ಒಂದೊಂದಾಗಿ ಕುಸಿಯುತ್ತಿರುವಾಗ ಅವುಗಳ ಮೇಲೆ ಓಡುವುದು ಮ್ಯಾಸಿವ್ ಡಿ ವ್ಯವಸ್ಥೆಗೆ ಹೇಳಿ ಮಾಡಿಸಿದಂತಿದೆ. ಶಿಕಾಗೋದ ಮ್ಯೂಸಿಯಮ್ಮಿನಲ್ಲಿ ಡೈನೋಸಾರಿನ ಅಸ್ಥಿಪಂಜರದ ಬೆನ್ನುಮೂಳೆಯ ಮೇಲೆ ಓಡಿ ಹತ್ತಬಹುದು. ಅದರಾಚೆಗೆ ಗೇಮ್ ತನ್ನನ್ನು ತಾನೇ ಮತ್ತೆ ಮತ್ತೆ ಹೇಳಿಕೊಳ್ಳತೊಡಗುತ್ತದೆ. ಶತ್ರುಗಳು ಬಾಗಿಲಿನಿಂದ ಬರುತ್ತಲೇ ಇರುತ್ತಾರೆ, ಗ್ಯಾಂಗಿನ ಮುಖಂಡರು ಎಷ್ಟು ಗುಂಡು ತಿಂದರೂ ಬೀಳುವುದಿಲ್ಲ.

ಮಿಡ್‌ವೇ ಸಂಸ್ಥೆ 2009ರಲ್ಲಿ ದಿವಾಳಿಯಾಯಿತು, ಅದರ ಬಹುಪಾಲು ಆಸ್ತಿಯನ್ನು ವಾರ್ನರ್ ಬ್ರದರ್ಸ್ ಕೊಂಡುಕೊಂಡಿತು. 2019ರಲ್ಲಿ ಜಿಒಜಿ ತಾಣದಲ್ಲಿ ಗೇಮ್ ಮತ್ತೆ ಮಾರಾಟಕ್ಕೆ ಬಂದದ್ದರಿಂದ ನಾನು ಅದನ್ನು ಇನ್ನೊಮ್ಮೆ ಆಡಲಾಯಿತು.

ಈ ಮೂರನೆಯ ಸಲ ಒಂದೂ ಕೊಕ್ಕರೆಯನ್ನು ಮುಟ್ಟಬಾರದೆಂದು ಮೊದಲೇ ನಿಶ್ಚಯಿಸಿಕೊಂಡಿದ್ದೆ. ಮೊದಮೊದಲು ಇದರಿಂದ ದೊಡ್ಡ ನಷ್ಟವೇನೂ ಆಗಲಿಲ್ಲ, ರೇಲಿಂಗುಗಳೂ ಗಾಡಿಗಳೂ ಬೇಕಾದಷ್ಟಿದ್ದವು. ಕೌಲೂನಿನ ಕೊಳೆಗೇರಿಯ ಅಧ್ಯಾಯದಲ್ಲಿ ಕಷ್ಟವಾಯಿತು. ಒಂದು ಇಕ್ಕಟ್ಟಾದ ಓಣಿಯಲ್ಲಿ ಟಕೀಲಾನ ಜೀವ ಮುಗಿಯುತ್ತ ಬಂದಿತ್ತು, ಬಾಂಬಿನ ಮೀಟರ್ ಗಾಯ ಮಾಯಿಸುವ ಗೆರೆಯಿಂದ ಕೂದಲೆಳೆಯಷ್ಟು ಕೆಳಗಿತ್ತು. ಎದುರಿನ ಕಟ್ಟೆಯ ಮೇಲೆ ಕೊಕ್ಕರೆಯೊಂದು ಮಿನುಗುತ್ತಿತ್ತು. ಅದರ ಪಕ್ಕದಿಂದಲೇ ಹಾದು ಮುಂದಿನ ತಿರುವಿನಲ್ಲಿ ಸತ್ತೆ. ಆಟ ಹಿಂದಿನ ಚೆಕ್‌ಪಾಯಿಂಟಿನಿಂದ ಮತ್ತೆ ಶುರುವಾಯಿತು. ಓಣಿ ಮೊದಲಿನಂತೆ ಇಡಿಯಾಗಿ ನಿಂತಿತ್ತು, ಒಡೆದ ಗೋಡೆಗಳೆಲ್ಲ ಸರಿಯಾಗಿದ್ದವು, ಕೊಕ್ಕರೆ ಕಟ್ಟೆಯ ಮೇಲೆ ಅಲ್ಲೇ ಇತ್ತು. ಆ ಓಣಿಯನ್ನು ದಾಟಲು ನನಗೆ ಐದು ಸಲ ಬೇಕಾಯಿತು, ಐದೂ ಸಲ ಅದನ್ನು ಅಲ್ಲೇ ಬಿಟ್ಟು ಹೋದೆ.